ಹಿಡಿಕೆ ನೆಟ್ಟಗಿದೆ

ನವೆಂಬರ್ 4, ಬೆಳಿಗ್ಗೆ 6.30

ಮಣಿ ಒಂಬತ್ತಕ್ಕೆ ಇಳಿದಿದೆ. ನಿನ್ನೆ ಹತ್ತು. ಸೆಪ್ಟೆಂಬರಿನಲ್ಲಿ ಹನ್ನೆರಡಿತ್ತು.

ಮೆಟ್ಟಿಲ ಕೆಳಗಿನ ಕಪಾಟು ತೆರೆದು ಟಾರ್ಚ್ ಬಿಡುವುದು ಈಗ ಹಲ್ಲುಜ್ಜುವಷ್ಟೇ ರೂಢಿ. ಒಳಗೆ ಎರಡು ಪೈಪು. ಹೊರಗಿನ ಹೀಟ್ ಪಂಪ್ ಕಾಯಿಸಿದ ನೀರು ಒಂದರಲ್ಲಿ ಬರುತ್ತದೆ. ನೆಲದಡಿಯ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತುತ್ತದೆ, ಮನೆ ಬೆಚ್ಚಗೆ ಮಾಡುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ವಾಪಸ್ ಹೋಗುವ ಪೈಪಿನ ಮೇಲೆ ಒಂದು ಗಾಜಿನ ನಳಿಗೆ, ಅದರೊಳಗೆ ಕೆಂಪು ಮಣಿ. ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆ ಎಂದು ಹೇಳುವುದು ಆ ಮಣಿ. ಪಕ್ಕದಲ್ಲಿ ಹಿತ್ತಾಳೆಯ ಫಿಲ್ಟರ್. ಅದರ ಹಿಂದೊಂದು, ಮುಂದೊಂದು ವಾಲ್ವ್. ಹಿಡಿಕೆ ಪೈಪಿನ ಗುಂಟ ನೆಟ್ಟಗಿದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಎರಡೂ ನೆಟ್ಟಗಿವೆ. ದಿನಾ ನೋಡಿದ್ದಾಯಿತು.

ಹೀಟ್ ಪಂಪ್ ಒಂದು, ಮನೆ ಎರಡು. ಮೇಲೆ ಮಾಲೀಕ. ಕೆಳಗೆ ಅತ್ತೆ, ಹೊಲಿಗೆ ಮಿಷನ್, ಈ ಪುಸ್ತಕ. ಅವನ ಕವಲಿಗೆ ಅವನ ಫಿಲ್ಟರ್, ನಮ್ಮ ಕವಲಿಗೆ ನಮ್ಮದು. ಮೇಲಿನವನು ಬೆಳಿಗ್ಗೆ ಬರೀ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು ಮೈ ಮುರಿಯುತ್ತಾನೆ. ಕೆಳಗೆ ಅತ್ತೆಗೆ ಎರಡು ಜೊತೆ ಕಾಲುಚೀಲ. ಬೆರಳು ಮರಗಟ್ಟಿ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕು.

ಮಿಲ್ಲಿನ ಯೂನಿಯನ್ನಿನಲ್ಲಿ ಹದಿನೇಳು ವರ್ಷ ಕಲಿತದ್ದು ಒಂದೇ ಪ್ರಶ್ನೆ. ಯಾರಿಗೆ ಲಾಭ?

ಡಿಸೆಂಬರ್ ಮೊದಲ ವಾರ ಮನೆಯ ಕರಾರು ಮುಗಿಯುತ್ತದೆ. ನಡುಗಿ ನಡುಗಿ ತಾವಾಗಿಯೇ ಬಿಟ್ಟು ಹೋಗಲಿ ಅಂತ ಇರಬಹುದಲ್ಲ... ಓಡಿಸಿದ ಹೆಸರೂ ಬರುವುದಿಲ್ಲ ಅವನಿಗೆ.

ಅದೇ ದಿನ, ಮಧ್ಯಾಹ್ನ

ಸರ್ವೀಸ್ ಆಫೀಸಿಗೆ ಫೋನ್ ಮಾಡಿದೆ. ಆರನೇ ತಾರೀಕು ಮೆಕ್ಯಾನಿಕ್ ಬರುತ್ತಾನಂತೆ.

ಬರುವ ಮೊದಲು ಕಪಾಟಿನಲ್ಲಿ ಒಂದು ಕೆಲಸ ಇತ್ತು. ಸೆಪ್ಟೆಂಬರಿನಲ್ಲಿ ಫಿಲ್ಟರಿನ ಹಿಂದಿನ ವಾಲ್ವಿನ ಹಿಡಿಕೆ ತುಕ್ಕು ತಿಂದು ಕೈಯಲ್ಲೇ ಮುರಿದು ಬಂತು. ಬೇರೆ ಹಿಡಿಕೆ ಹಾಕಿದ್ದಾಯಿತು. ಮಿಲ್ಲಿನದು. ಬಾಯ್ಲರ್ ಮನೆಯ ಉಗಿ ಪೈಪಿನ ಕೆಂಪು ಹಿಡಿಕೆ, ಮುಷ್ಕರದ ದಿನ ಈ ಕೈಯಿಂದಲೇ ಉಗಿ ನಿಲ್ಲಿಸಿದ್ದು. ಮಿಲ್ಲು ಮುಚ್ಚಿದ ದಿನ ಬ್ಯಾಗಿನಲ್ಲಿ ಮನೆಗೆ ಬಂತು. ಅದರ ತೂತು ಸ್ವಲ್ಪ ದೊಡ್ಡದು. ಗುಂಡಿ ಡಬ್ಬಿಯ ತಗಡು ಕತ್ತರಿಸಿ ಸಂದಿಗೆ ತುರುಕಿ ನಟ್ಟು ಬಿಗಿದದ್ದು. ಕಲ್ಲಿನ ಹಾಗೆ ಕೂತಿದೆ.

ಕರಾರಿನ ಏಳನೇ ಕಲಮು: ಬಾಡಿಗೆದಾರರು ಯಂತ್ರವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಮುಟ್ಟತಕ್ಕದ್ದಲ್ಲ, ಮುಟ್ಟಿದಲ್ಲಿ ಕರಾರು ರದ್ದು. ಅದಕ್ಕೇ ಇವತ್ತು ಕೆಂಪು ಬಣ್ಣ ಕಾಣದ ಹಾಗೆ ಕಪ್ಪು ಟೇಪ್ ಸುತ್ತಿದ್ದಾಯಿತು. ಬುಡದವರೆಗೂ.

ನವೆಂಬರ್ 6, ಸಂಜೆ

ಬಂದವನ ಹೆಸರು ಕೇಳಲಿಲ್ಲ. ಈ ರಸ್ತೆಯಲ್ಲಿ ಎಲ್ಲರೂ ಪಾನಾ ಎನ್ನುತ್ತಾರೆ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ನಟ್ಟು ತಿರುಗಿಸುವ ಪಾನಾ ಒಂದು ಸದಾ ಇರುತ್ತದೆಂದು. ನಲವತ್ತರ ಆಸುಪಾಸು. ಒಳಗೆ ಬರುವ ಮೊದಲು ಬೂಟು ಬಿಚ್ಚಿದ. ಕಾಲುಚೀಲದ ಹೆಬ್ಬೆರಳ ಕಡೆ ತೂತು. ಅತ್ತೆ ನೋಡಿದರು.

"ಕಾಲುಚೀಲಾನೂ ಫಿಲ್ಟರ್ ಮಾಡ್ಕೊಂಡಿದ್ದೀಯಲ್ಲಪ್ಪ."

"ಹೌದಜ್ಜಿ, ಗಾಳಿ ಮಾತ್ರ ಹೋಗತ್ತೆ. ಬೆರಳು ಅಲ್ಲೇ ನಿಲ್ಲತ್ತೆ."

ಕೆಲಸ ಕಣ್ಣಿಟ್ಟು ನೋಡಿದೆ. ಹೊರಗಿನ ಮಿಷನ್ ಆಫ್ ಮಾಡಿದ. ಎರಡೂ ವಾಲ್ವ್ ಮುಚ್ಚಿದ. ಬಕೆಟ್ ಇಟ್ಟ. ಫಿಲ್ಟರಿನ ಮುಚ್ಚಳ ತಿರುಗಿಸಿ ಬೆರಳುದ್ದದ ಜರಡಿ ಹೊರಗೆಳೆದ. ಅದರ ತುಂಬ ಕಾಡಿಗೆಯಂಥ ಕಪ್ಪು ರಾಡಿ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದ.

ಅಷ್ಟರಲ್ಲಿ ಮೇಲಿನವನು ಇಳಿದು ಬಂದ. ಬಕೆಟ್ಟಿಗೆ ಬಗ್ಗಿ ನೋಡಿ ಮೂಗಿಗೆ ಕರವಸ್ತ್ರ ಹಿಡಿದ.

"ನೋಡಿಮ್ಮ, ನೀವು ಬಂದ್ಮೇಲೇನೇ ಈ ಕೊಳೆ. ಮೊದಲಿದ್ದೋರು ಎಷ್ಟು ಕ್ಲೀನಾಗಿದ್ರು ಗೊತ್ತಾ? ಒಂದೇ ನೀರು ನಮ್ಮನೇಗೂ ಬರತ್ತಲ್ವಾ."

ಒಂದೇ ನೀರು. ಆ ಮಾತು ಹೇಳಿದ ರೀತಿ... ಕಿವಿಯಲ್ಲಿ ಇನ್ನೂ ಇದೆ. ನಾವು ಕೂತೆದ್ದ ಜಾಗ ಒರೆಸುವವರ ದನಿ ಅದು. ಎಲ್ಲಿ ಕೇಳಿದರೂ ಗುರುತು ಸಿಗುತ್ತದೆ.

ಪಾನಾ ಬಕೆಟ್ ಬದಿಗೆ ಸರಿಸಿದ. ಜರಡಿ ಹಾಕಿದ, ಮುಚ್ಚಳ ಬಿಗಿದ, ವಾಲ್ವ್ ತೆರೆಯಲು ಕೈ ಹಾಕಿ ನಿಂತ.

"ಅಕ್ಕ, ಈ ಹಿಡಿಕೆ ಯಾರು ಹಾಕಿದ್ದು?"

ಬಕೆಟ್ ಎತ್ತಿಕೊಂಡೆ. "ಮೊದಲಿಂದ್ಲೂ ಹಾಗೇ ಇದೆ."

ಅವನು ಮಾಲೀಕನ ಮುಖ ನೋಡಿದ. ಮಾಲೀಕ ಇವನ ಮುಖ ನೋಡಿದ. ಪಾನಾ "ಸರಿ ಬಿಡಿ" ಎಂದು ಹಿಡಿಕೆ ತಿರುಗಿಸಿದ. ಹೋಗುವಾಗ ಬಾಗಿಲ ಬಳಿ ದನಿ ತಗ್ಗಿಸಿ, "ಇವರು ಇಲ್ದಿದ್ದಾಗ ಒಂದಿನ ಬರ್ತೀನಕ್ಕ. ಮಾತಾಡೋಣ" ಅಂದ.

ಏನು ಮಾತು? ಕೈ ಬಿಸಿ ಮಾಡುವ ಮಾತು ಇರಬೇಕು. ಹಿಡಿಕೆಯ ಗುಟ್ಟು ಗೊತ್ತಾಯಿತಲ್ಲ, ಇನ್ನು ಹಿಂಡುತ್ತಾನೆ.

ತೊಳೆದ ಮೇಲೆ ಮಣಿ ಎಂಟು. ತೊಳೆಯುವ ಮೊದಲು ಒಂಬತ್ತು. ಕ್ಲೀನ್ ಮಾಡಿದ ಮೇಲೆ ಹರಿವು ಕಮ್ಮಿ. ಇದಕ್ಕಿಂತ ಇನ್ನೇನು ಬೇಕು.

ನವೆಂಬರ್ 7

ನಿದ್ದೆ ಹತ್ತದೆ ಬುದ್ಧಿ ಓಡಿತು. ಬಕೆಟ್ಟಿನ ತಳದಲ್ಲಿ ಉಳಿದ ರಾಡಿಯನ್ನು ಬೆಳಿಗ್ಗೆ ತಟ್ಟೆಗೆ ಸುರಿದು, ನೆಲಕ್ಕೆ ಬಿದ್ದ ಗುಂಡುಸೂಜಿ ಹೆಕ್ಕುವ ಅಯಸ್ಕಾಂತ ಹಿಡಿದೆ. ಅಷ್ಟೂ ರಾಡಿ ಮುಳ್ಳುಹಂದಿಯ ಹಾಗೆ ಎದ್ದು ನಿಂತಿತು.

ಕಬ್ಬಿಣ.

ನಮ್ಮ ನೆಲದಡಿ ಇರುವುದೆಲ್ಲ ಪ್ಲಾಸ್ಟಿಕ್ ಕೊಳವೆ. ಕಬ್ಬಿಣ ಇರುವುದು ಮೇಲಿನವನ ಮನೆಯ ಗೋಡೆಗೆ ನಿಂತ ಹಳೇ ಬಿಸಿನೀರಿನ ಪೆಟ್ಟಿಗೆಗಳಲ್ಲಿ. ಅವು ಒಳಗೊಳಗೇ ತುಕ್ಕು ಹಿಡಿದು ಕರಗುತ್ತಿವೆ. ಅವನ ಫಿಲ್ಟರ್ ಹಿಡಿಯದೆ ಬಿಟ್ಟದ್ದು ನೀರಿನಲ್ಲಿ ಇಳಿದು ಬಂದು ನಮ್ಮ ಜರಡಿಗೆ ಸಿಕ್ಕುತ್ತಿದೆ. ಕೊಳೆ ಅವನದು. ಸೋಸುವುದು ನಾವು. ಕೆಟ್ಟ ಹೆಸರು ನಮ್ಮದು.

ತಟ್ಟೆ, ಅಯಸ್ಕಾಂತ ಎರಡನ್ನೂ ಹಿಡಿದು ಮೆಟ್ಟಿಲು ಹತ್ತಿದೆ. ಅವನ ಹೊಸಿಲಲ್ಲೇ ಮಾಡಿ ತೋರಿಸಿದೆ.

"ಸಾರ್, ಇದು ಯಾರ ಮನೆ ಕೊಳೆ ಅಂತ ಅದೇ ಹೇಳ್ತಿದೆ, ನೋಡಿ."

ಮುಖ ಸುಟ್ಟ ಬದನೆಕಾಯಿ ಆಯಿತು. ಸುಧಾರಿಸಿಕೊಂಡ. "ಹಾಗಾದ್ರೆ ತೊಳೆದ ಮೇಲೂ ಯಾಕೆ ನಿಮಗೆ ಬಿಸಿ ಇಲ್ಲ? ಆ ಸರ್ವೀಸಿನವನನ್ನ ಕೇಳಿ. ನನಗೂ ಅವನ ಮೇಲೆ ಡೌಟೇ."

ಕೆಳಗೆ ಬಂದು ಹೇಳಿದರೆ ಅತ್ತೆ ಹೊಟ್ಟೆ ಹಿಡಿದು ನಕ್ಕರು. "ಆ ತಟ್ಟೇಲಿ ಇನ್ಮೇಲೆ ಊಟ ಹಾಕ್ಬೇಡ ಕಣೆ."

ಗೆದ್ದಂತೆ. ಆದರೂ ಮಣಿ ಎಂಟರಲ್ಲೇ ಇದೆ.

ನವೆಂಬರ್ 13, ಮಧ್ಯಾಹ್ನ 3

ಪಾನಾ ಬಂದ. ಮೇಲಿನವನ ಕಾರು ಹೊರಟ ಹತ್ತು ನಿಮಿಷಕ್ಕೆ. ಕಾದು ನೋಡಿಯೇ ಬಂದಿದ್ದಾನೆ.

"ಅಕ್ಕ, ಆ ಟೇಪ್ ಬಿಚ್ಚಿ ಹಿಡಿಕೆ ಒಂಚೂರು ನೋಡ್ತೀನಿ."

"ಯಾಕೆ?"

"ಅನುಮಾನ."

"ಯಾರ ಮೇಲೆ?"

ನಕ್ಕ. "ಹಿಡಿಕೆ ಮೇಲೆ ಅಕ್ಕ. ಮನುಷ್ಯರ ಮೇಲೆ ಅನುಮಾನ ಪಡೋಕೆ ನನಗೆ ಸಂಬಳ ಕೊಡಲ್ಲ."

ಮಾತು ಚೆನ್ನಾಗಿ ಕಲಿತಿದ್ದಾನೆ. ಬಿಚ್ಚಿದರೆ ಮಿಲ್ಲಿನ ಕೆಂಪು ಕಾಣುತ್ತದೆ, ಕಂಡರೆ ಅವನ ಕಾರ್ಡಿನಲ್ಲಿ ಬರೆಯುತ್ತಾನೆ, ಬರೆದರೆ ಏಳನೇ ಕಲಮು. "ಜರಡಿ ತೊಳೆಯೋದಷ್ಟೇ ನಿನ್ನ ಕೆಲಸ. ಅದನ್ನ ಮಾಡು, ಹೊರಡು" ಅಂದೆ. ಒರಟಾಗಿಯೇ.

ಬಕೆಟ್ ಎಳೆದುಕೊಂಡ. ವಾಲ್ವ್ ಮುಚ್ಚಿ, ಬಿಚ್ಚಿ, ತೊಳೆದು, ಹಾಕಿ, ತೆರೆದು ಹೋದ. ಜರಡಿಯಲ್ಲಿ ಈ ಸಲ ಚಿಟಿಕೆಯಷ್ಟೂ ರಾಡಿ ಇರಲಿಲ್ಲ. ಚಹಾ ಮಾಡಿದ್ದರು ಅತ್ತೆ, ಕುಡಿಯಲಿಲ್ಲ.

ಮಣಿ ಆರು.

ಎರಡು ಸಲ ಬಂದ, ಎರಡು ಸಲವೂ ಇಳಿಯಿತು. ಇನ್ನೂ ಸಾಕ್ಷಿ ಬೇಕೆ? ಮೇಲಿನವನೂ ಇವನೂ ಸೇರಿಕೊಂಡಿದ್ದಾರೆ. ಇಲ್ಲವೇ ಇವನೊಬ್ಬನೇ, ಮತ್ತೆ ಮತ್ತೆ ಕರೆಸಿಕೊಳ್ಳಲು.

ಅತ್ತೆಗೆ ಹೇಳಿದೆ. "ಬಡವನ ಮೇಲೆ ಅನುಮಾನ ಅಗ್ಗ ಕಣೆ. ಎಲ್ಲಾ ಅಂಗಡೀಲೂ ಸಿಗತ್ತೆ" ಅಂದರು. ಅವರಿಗೇನು, ಒಳ್ಳೇ ಕಾಲುಚೀಲ ಇದ್ದವರನ್ನು ಅನುಮಾನಿಸುತ್ತಾರೆ, ತೂತಿದ್ದವರನ್ನು ನಂಬುತ್ತಾರೆ.

ನವೆಂಬರ್ 15

ಕಂಪ್ಲೇಂಟ್ ಬರೆದದ್ದಾಯಿತು. ಎರಡು ಪುಟ. ತಾರೀಕು, ಮಣಿಯ ಅಂಕಿ, ಬಂದ ಹೊತ್ತು, ಹೋದ ಹೊತ್ತು. "ಪ್ರತಿ ಭೇಟಿಯ ನಂತರ ಹರಿವು ಇಳಿದಿರುವುದು ಆಕಸ್ಮಿಕವಲ್ಲ. ಮನೆಯಲ್ಲಿ ಹಿರಿಯರಿದ್ದಾರೆ. ಮಾಲೀಕರಿಲ್ಲದ ಹೊತ್ತು ನೋಡಿ ಬರುವ ಉದ್ದೇಶವೇನು?" ವರ್ಷಗಳ ನಂತರ ಪೆನ್ನಿಗೆ ಮತ್ತೆ ಕಾವು ಬಂದಿತ್ತು. ಒಂದು ಪದವೂ ಹೊಡೆದು ಹಾಕಬೇಕಾಗಲಿಲ್ಲ.

ಮೇಲಿನವನು ಓದಿ, "ಭಾಳ ಚೆನ್ನಾಗಿ ಬರೀತೀರಮ್ಮ" ಎಂದು ತನ್ನ ಒಳ್ಳೇ ಪೆನ್ನು ತಂದು ಸಹಿ ಹಾಕಿದ. ಅವನ ಸಹಿ ನಮ್ಮ ಸಹಿಯ ಪಕ್ಕ. ಹೀಗೂ ಉಂಟೆ ಅನ್ನಿಸಿತು.

ಅತ್ತೆ ಸಹಿ ಹಾಕಲಿಲ್ಲ. ಕೇಳಿದರೆ, "ನಮ್ಮ ಅರ್ಜಿಗೆ ಮಾಲೀಕ ಸಹಿ ಹಾಕಿದ್ರೆ ಅರ್ಜೀನ ಇನ್ನೊಂದ್ಸಲ ಓದ್ಬೇಕು. ಮಿಲ್ಲಲ್ಲಿ ನೀನೇ ಹೇಳ್ತಿದ್ದೆ."

"ಅದು ಬೇರೆ ಅತ್ತೆ."

"ಬೇರೇನೇ. ಆಗ ನಿನ್ನ ಕಾಲು ಬೆಚ್ಚಗಿತ್ತು."

ಪೋಸ್ಟ್ ಮಾಡಿ ಬಂದೆ.

ನವೆಂಬರ್ 22

ಸರ್ವೀಸ್ ಆಫೀಸಿನವಳ ಫೋನ್. ಜೇನು ಸುರಿಯುವ ದನಿ. "ಮೇಡಂ, ನಿಮ್ಮ ಲೆಟರ್ ತುಂಬಾ ಹೆಲ್ಪ್ ಆಯ್ತು. ಅವರನ್ನ ಕೆಲಸದಿಂದ ತೆಗೆದಿದ್ದೀವಿ. ಹೊಸಬರು ಬರೋಕೆ ಮೂರು ವಾರ ಆಗಬಹುದು."

ತೆಗೆದರು. ಒಂದು ಕಾಗದಕ್ಕೆ. ವಿಚಾರಣೆ ಇಲ್ಲ, ನೋಟೀಸ್ ಇಲ್ಲ. ಮಿಲ್ಲಿನಲ್ಲಿ ಹೀಗೆ ಒಬ್ಬನನ್ನು ತೆಗೆದಿದ್ದರೆ ಗೇಟಿನ ಮುಂದೆ ಕೂರುತ್ತಿದ್ದೆವು.

ಖುಷಿ ಆಗಬೇಕಿತ್ತು.

"ಹೆಲ್ಪ್ ಆಯ್ತು" ಅಂದಳಲ್ಲ. ಯಾರಿಗೆ?

ನವೆಂಬರ್ 26, ಬೆಳಿಗ್ಗೆ 11

ಮೂರು ವಾರ ಕಾಯಲಾಗದು. ಅತ್ತೆಗೆ ಕೆಮ್ಮು ಹಿಡಿದಿದೆ. ಮೇಲಿನವನ ಕಾರು ಹೋಗಲು ಕಾದು, ಪಾನಾ ಮಾಡಿದ ಹಾಗೆಯೇ ಒಂದೊಂದಾಗಿ ಮಾಡಿದ್ದಾಯಿತು. ಮಿಷನ್ ಆಫ್. ಎರಡು ಹಿಡಿಕೆ ಅಡ್ಡ. ಬಕೆಟ್. ಮುಚ್ಚಳ. ಜರಡಿ. ಹೊಳೆಯುತ್ತಿತ್ತು. ತೊಳೆಯಲು ಏನೂ ಇಲ್ಲ. ಬೆಳಕಿಗೆ ಹಿಡಿದರೆ ಪ್ರತಿ ತೂತಿನಲ್ಲೂ ಕಿಟಕಿ ಕಾಣುತ್ತಿತ್ತು. ಸುಮ್ಮನೆ ತೊಳೆದು ರಬ್ಬರ್ ಉಂಗುರ ಸರಿ ಕೂರಿಸಿ ಮುಚ್ಚಳ ಬಿಗಿದು ಹಿಡಿಕೆ ನೆಟ್ಟಗೆ ಮಾಡಿದೆ. ಮಿಷನ್ ಆನ್.

ಮಣಿ ನಾಲ್ಕು.

ಕಪಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡಿದೆ. ನಾಲ್ಕು. ಇವತ್ತು ಪಾನಾ ಬಂದಿಲ್ಲ.

ಅದೇ ದಿನ, ಸಂಜೆ

ಮೇಲಿನವನು ಕದ್ದು ಬಂದು ಏನಾದರೂ ಮಾಡುತ್ತಿರಬೇಕು. ಅವನ ಬಳಿ ಇನ್ನೊಂದು ಬೀಗದ ಕೈ ಇದೆ. ಕಪಾಟಿನ ಬಾಗಿಲಿಗೆ ಅಡ್ಡವಾಗಿ ಬಿಳಿ ದಾರ ಕಟ್ಟಿದೆ. ಮುಟ್ಟಿದರೆ ಹರಿಯಬೇಕು, ಅಷ್ಟು ಸಣ್ಣದು.

ಅತ್ತೆ ಕೆಮ್ಮುತ್ತ ನೋಡುತ್ತಿದ್ದರು. "ಜೇಡ ಆದೆಯಲ್ಲೇ ತಾಯಿ."

ನವೆಂಬರ್ 28

ದಾರ ಹರಿದಿಲ್ಲ. ಎರಡು ದಿನ. ಬಿಚ್ಚಿ ನೋಡಿದರೆ ಮಣಿ ನಾಲ್ಕರಲ್ಲೇ.

ಯಾರೂ ಬಂದಿಲ್ಲ. ಯಾರೂ ಮುಟ್ಟಿಲ್ಲ.

ಪಾನಾನ ಮಾತು ನೆನಪಾಯಿತು. ಹಿಡಿಕೆ ಮೇಲೆ ಅಕ್ಕ.

ಟೇಪ್ ಬಿಚ್ಚಿದೆ. ಕೆಂಪು ಹಿಡಿಕೆ ನೆಟ್ಟಗೆ, ಪೈಪಿನ ಗುಂಟ, ಒಂದು ಕೂದಲೂ ಓರೆಯಿಲ್ಲ. ನಟ್ಟು ತೆಗೆದು ಹಿಡಿಕೆ ಎತ್ತಿದೆ. ಕೆಳಗೆ ವಾಲ್ವಿನ ಕಡ್ಡಿ. ಅದರ ನೆತ್ತಿಯ ಮೇಲೆ ಒಂದು ಗೀಟು ಕೊರೆದಿರುತ್ತಾರೆ, ಒಳಗಿನ ದಾರಿ ನಿಜಕ್ಕೂ ಯಾವ ಕಡೆ ಇದೆ ಅಂತ ತೋರಿಸಲು.

ಗೀಟು ಓರೆಯಾಗಿತ್ತು. ಪೂರ್ತಿ ಅಡ್ಡ ಬೀಳಲು ಇನ್ನು ಸ್ವಲ್ಪವೇ ಬಾಕಿ.

ಗುಂಡಿ ಡಬ್ಬಿಯ ತಗಡು ಒಂದು ಕಡೆಗೆ ಮಡಿಚಿ ಅಪ್ಪಚ್ಚಿಯಾಗಿದೆ. ಮುಚ್ಚುವಾಗ ಹಿಡಿಕೆ ಕಡ್ಡಿಯನ್ನು ಕಚ್ಚಿಕೊಳ್ಳುತ್ತದೆ. ತೆರೆಯುವಾಗ ಜಾರುತ್ತದೆ. ಒಂದು ಸಲ ಮುಚ್ಚಿ ತೆರೆದರೆ ಗೀಟು ಒಂದಷ್ಟು ಹಿಂದೆ ಉಳಿಯುತ್ತದೆ. ಫಿಲ್ಟರ್ ತೊಳೆದಷ್ಟೂ ನೀರು ಕಮ್ಮಿ. ಹೊರಗೆ ಮಾತ್ರ ಹಿಡಿಕೆ ನೆಟ್ಟಗೆ.

ಕಟಿಂಗ್ ಪ್ಲೇಯರಿನಿಂದ ಕಡ್ಡಿ ಹಿಡಿದು ಗೀಟು ಪೈಪಿನ ಗುಂಟ ಬರುವ ತನಕ ತಿರುಗಿಸಿದೆ. ಪೈಪಿನೊಳಗೆ ನೀರು ನಿಟ್ಟುಸಿರು ಬಿಟ್ಟ ಹಾಗಾಯಿತು. ಮಣಿ ಎದ್ದಿತು. ಏಳು. ಹತ್ತು. ಹನ್ನೆರಡು.

ಮಧ್ಯಾಹ್ನದ ಹೊತ್ತಿಗೆ ನೆಲ ಬೆಚ್ಚಗೆ. ಅತ್ತೆ ಕಾಲುಚೀಲ ಬಿಚ್ಚಿ ಬರಿಗಾಲು ಊರಿ ಕಣ್ಣು ಮುಚ್ಚಿದರು.

"ಯಾರು ಬಂದಿದ್ರೇ? ಪಾನಾ ಬಂದಿದ್ನಾ?"

ಅವರ ಕಾಲುಚೀಲ ಎತ್ತಿ ಮಡಚಿಟ್ಟೆ.

ನವೆಂಬರ್ 29

ಬಸ್ ಸ್ಟ್ಯಾಂಡಿನ ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಪಾನಾ ಸಿಕ್ಕ. ಸಿಮೆಂಟ್ ಮೂಟೆ ಇಳಿಸುತ್ತಿದ್ದ. ಹಿಂದಿನ ಜೇಬಿನಲ್ಲಿ ಪಾನಾ ಇರಲಿಲ್ಲ. ಕಂಪನಿಯದಂತೆ, ವಾಪಸ್ ತೆಗೆದುಕೊಂಡರಂತೆ.

"ಗೀಟು ಓರೆ ಆಗಿತ್ತು" ಅಂದೆ.

ಅವನಿಗೆ ಆಶ್ಚರ್ಯ ಆಗಲಿಲ್ಲ. ಮೂಟೆಯ ಮೇಲೆ ಕೂತ.

"ಮೊದಲ ದಿನಾನೇ ಗೊತ್ತಾಯ್ತಕ್ಕ. ಕೈಗೆ ಗೊತ್ತಾಗತ್ತೆ. ಆದ್ರೆ ಮಾಲೀಕ ಪಕ್ಕದಲ್ಲೇ ನಿಂತಿದ್ದ. ಏಳನೇ ಕಲಮು ನಿಮ್ಮೊಬ್ಬರಿಗೇ ಅಂದ್ಕೊಂಡ್ರಾ? ಈ ರಸ್ತೇಲಿ ಎಲ್ಲರ ಕರಾರೂ ಅದೇ. ನಾನಿರೋ ರೂಮಿಂದೂ ಅದೇ."

"ಹೇಳ್ಬಹುದಿತ್ತಲ್ಲ."

"ಹೇಳೋಕೇ ಬಂದಿದ್ದೆ. ಜರಡಿ ತೊಳೆದು ಹೊರಡು ಅಂದ್ರಿ."

ಲಾರಿಯವನು ಕೂಗಿದ. ಎದ್ದ. ಎದ್ದವನು ಹೇಳಿದ: "ಕೈಗವಸು ಕೊಡಿ, ಬಿಸಿನೀರು ಬಿದ್ದು ಕೈ ಸುಡತ್ತೆ ಅಂತ ಆರು ಜನ ಸೇರಿ ಆಫೀಸಿಗೆ ಬರೆದಿದ್ವಿ. ಮೊದಲ ಸಹಿ ನಂದು. ಅವತ್ತಿಂದ ಅವರಿಗೆ ನನ್ನ ಮೇಲೆ ಒಂದು ಕಾಗದ ಬೇಕಿತ್ತು. ನಿಮ್ಮ ಕಾಗದಾನ ಓದಿ ಹೇಳಿದ್ರು. ಭಾಳ ಚೆನ್ನಾಗಿ ಬರೀತೀರಕ್ಕ."

ಮೇಲಿನವನೂ ಇದೇ ಮಾತು ಹೇಳಿದ್ದ. ಅವನ ಬಾಯಲ್ಲಿ ಹೊಗಳಿಕೆಯಾಗಿತ್ತು.

"ಇನ್ನೊಂದು ಬರೆದ್ರೆ ತಗೋತಾರಾ?"

"ಗೊತ್ತಿಲ್ಲ. ಹಿಡಿಕೆ ವಿಷಯ ಇಲ್ದಿದ್ರೆ ಖಂಡಿತ ತಗೊಳಲ್ಲ. ಇದ್ರೆ ಅದರ ಕಾಪಿ ನಿಮ್ಮ ಮಾಲೀಕಂಗೂ ಹೋಗತ್ತೆ." ಮೂಟೆ ಹೆಗಲಿಗೆ ಏರಿಸಿಕೊಂಡ. "ನೋಡ್ಕೊಂಡು ಬರೀರಿ. ಅಜ್ಜಿ ಹೇಗಿದ್ದಾರೆ?"

ಡಿಸೆಂಬರ್ 2

ಬರೆಯಲಿಲ್ಲ. ಹೊಲಿಗೆ ಇತ್ತು.

ಡಿಸೆಂಬರ್ 4

ಹೊಲಿಗೆ ಇರಲಿಲ್ಲ. ಬರೆಯಲಿಲ್ಲ.

ಮೇಲಿನವನು ಮೆಟ್ಟಿಲ ಮೇಲಿಂದಲೇ ಹೇಳಿದ, ನಾಳೆ ಕರಾರಿನ ಕಾಗದ ತರುತ್ತಾನಂತೆ. ಇನ್ನೆರಡು ವರ್ಷಕ್ಕೆ. "ನೀವು ನ್ಯಾಯವಾಗಿರೋ ಜನ ಅಂತ ಗೊತ್ತಾಯ್ತಮ್ಮ." ಮನೆ ಬೆಚ್ಚಗಿದೆ. ಬೆರಳು ಚುರುಕಾಗಿವೆ. ಸುಮ್ಮನಿದ್ದರೆ ಆಯಿತು, ಎಲ್ಲವೂ ಇದ್ದ ಹಾಗೆ ಇರುತ್ತದೆ.

ಡಿಸೆಂಬರ್ 5, ಬೆಳಿಗ್ಗೆ 9

ಬೆಳಿಗ್ಗೆ ಬೇಗ ಎದ್ದು ಬರೆದದ್ದಾಯಿತು. ಅತ್ತೆಗೆ ಓದಿ ಹೇಳಿದೆ.

"ಸದರಿ ವಾಲ್ವಿನ ಹಿಡಿಕೆಯು ಬದಲಾಯಿಸಲ್ಪಟ್ಟು, ಕಾಲಕ್ರಮೇಣ ಸಡಿಲಗೊಂಡಿದ್ದರಿಂದ ಹರಿವು ಕುಂಠಿತಗೊಂಡಿದ್ದು ತಿಳಿದುಬಂದಿರುತ್ತದೆ. ಆದ್ದರಿಂದ ಮೆಕ್ಯಾನಿಕ್‌ರ ಮೇಲಿನ ದೂರನ್ನು ಹಿಂಪಡೆಯಲಾಗಿದೆ."

ಅತ್ತೆ ಬರಿಗಾಲಲ್ಲಿ ಕೂತು ಕೇಳಿದರು. "ಚೆನ್ನಾಗಿದೆ. ಹಿಡಿಕೇಗೆ ಕಾಲು ಬಂದು ಅದೇ ಹೋಗಿ ಕೂತ್ಕೊಳ್ತಾ?"

"ಹಾಗಲ್ಲ ಅತ್ತೆ..."

"ಯಾರು ಹಾಕಿದ್ರು ಅಂತ ಎಲ್ಲಿದೆ? ಯಾರು ದೂರು ಕೊಟ್ರು, ಯಾರು ಸುಳ್ಳು ಹೇಳಿದ್ರು? ಮಿಲ್ಲಿನ ಮ್ಯಾನೇಜರ್ ನೋಟೀಸ್ ಹೀಗೇ ಇರ್ತಿತ್ತು ಕಣೆ. ತೆಗೆಯಲಾಗಿದೆ, ಮುಚ್ಚಲಾಗಿದೆ. ಯಾರೂ ಏನೂ ಮಾಡಿಲ್ಲ, ಎಲ್ಲಾ ತಾನಾಗೇ ಆಯ್ತು. ನೀನೇ ಗೇಟ್ ಹತ್ರ ನಿಂತು ಓದಿ ನಗಾಡ್ತಿದ್ದೆ."

ಹರಿದು ಹಾಕಿದೆ.

ಈ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದೆ. ಒಂದು ತಿಂಗಳ ಪುಟ. ಅವನು, ಇವನು, ಮೇಲಿನವನು, ಯಾರಿಗೆ ಲಾಭ. ಹಾಕಿದ್ದಾಯಿತು, ಸುತ್ತಿದ್ದಾಯಿತು, ಬರೆದದ್ದಾಯಿತು. ಒಂದು ಪದ ಅತ್ತೆಯ ಬಾಯಲ್ಲಿದೆ, ಪಾನಾನ ಬಾಯಲ್ಲಿದೆ ಅಂದುಕೊಂಡು ಹುಡುಕಿದೆ. ಪಾನಾ ಮಾತ್ರ ಒಂದು ಸಲ ಆಡಿದ್ದಾನೆ, ತನ್ನ ರೂಮಿನ ಕರಾರು ಹೇಳುವಾಗ. ಈ ಕೈ ಬರೆದುಕೊಂಡ ಸಾಲುಗಳಲ್ಲಿ ಎಲ್ಲೂ ಇಲ್ಲ. ಕನ್ನಡದಲ್ಲಿ ಆ ಪದ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ನೆಟ್ಟಗೆ ನಿಂತ ಹಾಗೆ ಕಾಣುತ್ತದೆ.

ಹೊಸ ಹಾಳೆ. ಅತ್ತೆ ಸಹಿ ಹಾಕಲು ಕನ್ನಡಕ ಒರೆಸಿಕೊಂಡು ಕಾಯುತ್ತಿದ್ದಾರೆ. "ಮನೆ ಹೋದ್ರೆ ಹೋಗ್ಲಿ. ಮಿಲ್ಲು ಹೋದಾಗ ಸತ್ವಾ?" ಕೆಮ್ಮಿದರು. ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಹೊರಗೆ ಮಂಜು.

ಮೇಲೆ ಕುರ್ಚಿ ಎಳೆದ ಸದ್ದು. ಬಾಗಿಲು. ಇಳಿದು ಬರುತ್ತಿದ್ದಾನೆ, ಕರಾರಿನ ಕಾಗದ ಹಿಡಿದು. ಕೆಂಪು ಹಿಡಿಕೆ ಮೇಜಿನ ಮೇಲೆ ಇಟ್ಟಿದೆ, ಅವನಿಗೆ ಕಾಣುವ ಹಾಗೆ. ಮೊದಲು ಅವನಿಗೇ ಓದಿ ಹೇಳುವುದು. ಅವನು ಬಾಗಿಲು ತಟ್ಟುವುದರೊಳಗೆ ಮೊದಲ ಸಾಲಾದರೂ ಆಗಬೇಕು. ಇಲ್ಲೇ ಬರೆದು ಕೈ ಪಳಗಿಸಿಕೊಂಡು ಹಾಳೆಗೆ ಇಳಿಸುತ್ತೇನೆ—

ಆ ಹಿಡಿಕೆ ಹಾಕಿದ್ದು ನಾನು. ಮೊದಲಿಂದಲೂ ಹಾಗೇ ಇದೆ ಎಂದು ಸುಳ್ಳು ಹೇಳಿದ್ದು ನಾನು. ಏನೂ ತಪ್ಪು ಮಾಡದವನ ಕೆಲಸ ಹೋಗುವ ಹಾಗೆ ಬರೆದದ್ದು